ಕನ್ಯೆ ನೋಡಲು ಹೋಗಿ ಗುಡಿ ನೋಡಿ ಬಂದದ್ದು

ನನ್ನ ಸೋದರಮಾವ ತಿಮ್ಮಣ್ಣ ಕನ್ಯೆ ತೋರಿಸುತ್ತೇನೆಂದು ನನ್ನನ್ನು ಸುತ್ತಿಸಿದ ಊರುಗಳಲ್ಲೆಲ್ಲ ನಾನು ಕೋಟೆ ನೋಡಿದ್ದೇನೆ, ಗುಡಿ ನೋಡಿದ್ದೇನೆ, ಬಂಡೆ, ಬಾವಿ, ಬಿದ್ದುಹೋದ ಅಗಸೆಬಾಗಿಲು ಎಲ್ಲ ನೋಡಿದ್ದೇನೆ. ಕನ್ಯೆಯ ಮುಖ ಮಾತ್ರ ನೋಡಿಲ್ಲ. ಕೊಪ್ಪಳದಿಂದ ಯಲಬುರ್ಗಾದವರೆಗೆ ಯಾವ ಊರಲ್ಲಿ ಯಾವ ಕಲ್ಲು ಹೇಗೆ ನಿಂತಿದೆ ಕೇಳಿ, ಹೇಳುತ್ತೇನೆ. ಆ ಊರಿನ ಹುಡುಗಿ ಕಪ್ಪಗಿದ್ದಳೋ ಕೆಂಪಗಿದ್ದಳೋ ಎಂದರೆ ಗೊತ್ತಿಲ್ಲ. ಪಾದ ನೋಡಿದ್ದೇನೆ. ಸೀರೆಯ ಅಂಚು ನೋಡಿದ್ದೇನೆ, ಅಂಚಿನ ನೇಯ್ಗೆ ಇಳಕಲ್ಲಿನದೋ ಬೇರೆಯದೋ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಅದಕ್ಕಿಂತ ಮೇಲೆ ನನ್ನ ಕಣ್ಣು ಏರಿದ್ದೇ ಇಲ್ಲ.

ನನ್ನ ಹೆಸರು ಗ್ಯಾನಪ್ಪ. ಕುಷ್ಟಗಿಯ ಬಜಾರದಲ್ಲಿ ಒಂದು ಹೊಲಿಗೆ ಮಷೀನು ಇಟ್ಟುಕೊಂಡು ಅಂಗಿ, ಚಣ್ಣ, ಕುಬಸ, ಯಾರಾದರೂ ಅಧಿಕಾರಿಗಳು ಕೇಳಿದರೆ ಶೇರವಾನಿ ಹೊಲಿಯುತ್ತಿದ್ದೆ. ಅದು ನಿಜಾಮರ ಕಾಲ, ಮೂವತ್ತೆಂಟನೆಯ ಇಸವಿ. ಗಿರಾಕಿಗಳ ಅಳತೆ ತೆಗೆಯುವಾಗ ಕೂಡ ನಾನು ಅವರ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಎದುರಿಗೆ ನಿಂತು ಎದೆಸುತ್ತಳತೆ ತೆಗೆಯುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ನಾಚಿಕೆಯವನೆಂದರೆ ಸಿಟ್ಟಿಲ್ಲದವನು ಎಂದು ಜನ ತಿಳಿದಿದ್ದಾರೆ. ಯಾವ ದಡ್ಡ ಹೇಳಿದನೋ! ನನ್ನ ಹೊಟ್ಟೆಯೊಳಗೆ ದಿನಾ ಯಾರ ಜೊತೆಗಾದರೂ ಒಂದು ಜಗಳ ನಡೆದೇ ಇರುತ್ತದೆ. ಅದು ಗಂಟಲ ತನಕ ಬಂದು, ಹೊರಗೆ ಜನ ಇದ್ದಾರೆಂದು ಕಂಡು ವಾಪಸು ಹೋಗುತ್ತದೆ, ಅಷ್ಟೇ.

ತಂದೆ ತೀರಿಹೋದ ಮೇಲೆ ನನ್ನ ಮದುವೆಯ ಭಾರ ತಿಮ್ಮಣ್ಣ ಮಾವನ ಮೇಲೆ ಬಿತ್ತು. ಮಾವ ಆನೆಯಂಥ ಆಳು. ಅವನು ಪಿಸುಮಾತಾಡಿದರೂ ಪಕ್ಕದ ಓಣಿಯವರು ಏನೆಂದು ಕೇಳುತ್ತಿದ್ದರು. ನನ್ನ ತಾಯಿ ಹುಲಿಗವ್ವ ಬುತ್ತಿ ಕಟ್ಟಿಕೊಡುವಳು, ಮಾವ ಚಕ್ಕಡಿ ಹೂಡುವನು, ನಾನು ನಾನೇ ಹೊಲಿದ ಕರೀ ಟೊಪ್ಪಿಗೆಯನ್ನು ಹುಬ್ಬಿನ ತನಕ ಎಳೆದುಕೊಂಡು ಹಿಂದೆ ಕೂಡುವೆನು. ಹೀಗೆ ಸುಗ್ಗಿಯಾದ ಮೇಲೆ ನಮ್ಮ ಸವಾರಿ ಹೊರಡುತ್ತಿತ್ತು.

ನಮ್ಮ ಮಂದಿಯಲ್ಲಿ ಕನ್ಯೆ ನೋಡುವುದಕ್ಕೆ ಒಂದು ರಿವಾಜು ಇತ್ತು. ಗಂಡಿನ ಕಡೆಯವರಿಗೆ ಮೊದಲು ಅವಲಕ್ಕಿ ಕೊಡುತ್ತಾರೆ, ಅದನ್ನು ಎಷ್ಟು ಬೇಕಾದರೂ ತಿನ್ನಬಹುದು, ಏನೂ ಬಾಧಕವಿಲ್ಲ. ಆಮೇಲೆ ಹುಡುಗಿ ಬಂದು ಕೂತು ಎದ್ದು ಹೋಗುತ್ತಾಳೆ. ಕಡೆಗೆ ಒಂದು ತಾಟಿನಲ್ಲಿ ಕಲ್ಲುಸಕ್ಕರೆ ತಂದಿಡುತ್ತಾರೆ. ಬಂದವರಲ್ಲಿ ಯಾರಾದರೂ ಒಬ್ಬರು ಒಂದು ಹರಳು ಬಾಯಿಗೆ ಹಾಕಿ ಕಟಕ್ಕನೆ ಕಡಿದರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಬೇಡವಾದರೆ ತಾಟನ್ನು ಎರಡು ಬೆರಳಿಂದ ಹಿಂದಕ್ಕೆ ಸರಿಸಿ ಎದ್ದುಬಿಡಬೇಕು. ಹಾಗೆ ಸರಿಸಿದವರು ಮತ್ತೆ ಆ ಮನೆಗೆ ಹೆಣ್ಣು ಕೇಳಲು ಬರುವ ಹಾಗಿಲ್ಲ. ಬಾಯಿಂದ ಬೇಡ ಎಂದು ಹೇಳಿ ಯಾರ ಮನಸ್ಸನ್ನೂ ನೋಯಿಸಬಾರದೆಂದು ಹಿರಿಯರು ಮಾಡಿದ್ದಂತೆ. ನಾನಂತೂ ಆ ಹಿರಿಯರಿಗೆ ಕೈಮುಗಿಯುತ್ತಿದ್ದೆ, ಬಾಯಿ ತೆರೆಯುವ ಕೆಲಸ ತಪ್ಪಿಸಿದರಲ್ಲ ಎಂದು.

ಮೊದಲು ಕೊಪ್ಪಳಕ್ಕೆ ಹೋದೆವು. ಕೋಟೆಯ ಬುಡದ ಓಣಿಯಲ್ಲಿ ಹುಡುಗಿಯ ಮನೆ. ಪಡಸಾಲೆಯ ತುಂಬ ಗಂಡಸರು, ಬಾಗಿಲ ಸಂದಿಯಲ್ಲಿ ಹೆಂಗಸರು, ಎಲ್ಲರ ಕಣ್ಣೂ ನನ್ನ ಮೇಲೆ. ಹೊರಗೆ ಹೋಗಿ ಬರುತ್ತೇನೆಂದು ಎದ್ದು ತಂಬಿಗೆ ಹಿಡಿದುಕೊಂಡು ಹೊರಟವನು ಕೋಟೆ ಹತ್ತಿಬಿಟ್ಟೆ. ಅಲ್ಲಿಂದ ಕೆಳಗೆ ನೋಡಿದರೆ ಜನ ಇರುವೆಗಳ ಹಾಗೆ. ಆಹಾ, ಮನುಷ್ಯರು ಯಾವಾಗಲೂ ಇಷ್ಟೇ ದೂರದಲ್ಲಿ ಇದ್ದರೆ ಎಷ್ಟು ಛಂದ ಅನ್ನಿಸಿತು! ಇಳಿದು ಮನೆಯ ಕಡೆ ಹೋಗಲು ಧೈರ್ಯ ಸಾಲದೆ ಊರಾಚೆಯ ಪಾಲ್ಕಿಗುಂಡಿಗೆ ಹೋದೆ. ಅಲ್ಲಿ ಎರಡು ಬಂಡೆಗಳು ಒಂದು ದೊಡ್ಡ ಚಪ್ಪಡಿಯನ್ನು ಪಲ್ಲಕ್ಕಿಯ ಮೇಲ್ಕಟ್ಟಿನ ಹಾಗೆ ಹೊತ್ತು ನಿಂತಿವೆ. ಕೆಳಗಿನ ಬಂಡೆಯ ಮೇಲೆ ಏನೋ ಹಳೇ ಅಕ್ಷರ. ನಿಧಿಯ ಗುರುತು ಎಂದು ದನ ಕಾಯುವವರು ಹೇಳುತ್ತಿದ್ದರು. ಈಚೆಗೆ ಓದಿದವರು ಬಂದು ನೋಡಿ, ಅಶೋಕನೆಂಬ ಹಿಂದಿನ ಚಕ್ರವರ್ತಿಯ ಮಾತು ಇದು ಎಂದರಂತೆ.

ನಾನು ಆ ಅಕ್ಷರಗಳ ಎದುರು ಬಹಳ ಹೊತ್ತು ಕೂತೆ. ಒಂದಕ್ಷರ ತಿಳಿಯಲಿಲ್ಲ. ಆದರೆ ಆ ಅರಸನ ಮೇಲೆ ಬಹಳ ಪ್ರೀತಿ ಬಂತು. ಅಷ್ಟು ದೊಡ್ಡ ಚಕ್ರವರ್ತಿ, ಡಂಗುರ ಹೊಡೆಸಿ ಜನರನ್ನು ಕೂಡಿಸಿ ಎದುರಿಗೆ ನಿಂತು ಹೇಳಬಹುದಿತ್ತಲ್ಲ? ಯಾರೂ ಇಲ್ಲದ ಬಂಡೆಯ ಮೇಲೆ ಕೊರೆಸಿ ಹೋಗಿದ್ದಾನೆ. ಎದುರಿಗೆ ನಿಂತು ಹೇಳಲಾರದವನೇ ಹಾಗೆ ಮಾಡುವುದು. ನೀವು ನಗಬೇಡಿ, ಆ ಕಷ್ಟ ನನ್ನಂಥವನಿಗೆ ಗೊತ್ತು. ಅಷ್ಟರಲ್ಲಿ ಮಾವನ ಧ್ವನಿ ಗುಡ್ಡದಿಂದ ಗುಡ್ಡಕ್ಕೆ ಬಡಿಯಿತು.

“ಲೇ ಗ್ಯಾನ್ಯಾ! ತಂಬಿಗಿ ಹಿಡಕೊಂಡು ಹೋದಾವ ಇಲ್ಲಿ ಬಂದು ತಪಸ್ಸಿಗಿ ಕುಂತೀಯೇನಲೇ? ಅಲ್ಲಿ ಮಂದಿ ನಿನಗ ಏನೋ ಜಡ್ಡು ಐತಿ ಅಂತ ತಿಳಕೊಂಡಾರ!”

ಆ ಸಂಬಂಧ ಅಲ್ಲಿಗೇ ಮುಗಿಯಿತು. ಮುಂದಿನ ಸಲ ಗಂಗಾವತಿಯ ಕಡೆ, ಹಿರೇಬೆಣಕಲ್ಲಿಗೆ. ಆ ಊರ ಗುಡ್ಡದ ಮೇಲೆ ಮೋರ್ಯರ ಮನೆಗಳಿವೆ, ಹೋಗಿ ನೋಡಲೇಬೇಕು. ಮೂರು ಕಡೆ ಕಲ್ಲುಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಪುಟ್ಟ ಪುಟ್ಟ ಮನೆಗಳು, ಒಂದೆರಡಲ್ಲ, ಗುಡ್ಡದ ತುಂಬ. ಮೋರ್ಯರೆಂದರೆ ಹಿಂದಿನ ಕಾಲದ ಮೂರು ಗೇಣಿನ ಕುಳ್ಳರಂತೆ. ನಾನು ಅವರಿಗೆ ಒಂದು ಅಂಗಿಗೆ ಎಷ್ಟು ಬಟ್ಟೆ ಬೇಕಾದೀತು ಎಂದು ಲೆಕ್ಕ ಹಾಕುತ್ತ ತಿರುಗಿದೆ. ಒಂದು ಗಜದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಆಗಿ ಟೊಪ್ಪಿಗೆಗೂ ಉಳಿಯುತ್ತಿತ್ತು. ಕೆಲವು ಮನೆಗಳ ಚಪ್ಪಡಿಯಲ್ಲಿ ಒಂದು ದುಂಡಗಿನ ಕಿಂಡಿ. ಅದು ನನಗೆ ಬಹಳ ಮೆಚ್ಚುಗೆಯಾಯಿತು. ತಲೆಬಾಗಿಲಲ್ಲಿ ಯಾರ ಕಣ್ಣಿಗೂ ಬೀಳದೆ ಸದ್ದಿಲ್ಲದೆ ಮನೆಯೊಳಗೆ ಸೇರಿಕೊಳ್ಳಬಹುದು. ಮೋರ್ಯರು ತಿಳಿದವರು.

ಅಲ್ಲಿಯೇ ಒಂದು ಎತ್ತರದ ಬಂಡೆಯ ಮೇಲೆ ಕಲ್ಲಿನ ನಗಾರಿ ಇದೆ. ಬೋರಲು ಹಾಕಿದ ಕೊಪ್ಪರಿಗೆಯಂಥ ಕಲ್ಲು. ಕಷ್ಟಪಟ್ಟು ಹತ್ತಿದೆ. ಹತ್ತಿದ ಮೇಲೆ ಸುಮ್ಮನೆ ಇಳಿಯಬೇಕೋ ಬೇಡವೋ? ಕೈಗೆ ಸಿಕ್ಕ ಕಟ್ಟಿಗೆಯ ತುಂಡಿನಿಂದ ಒಂದು ಬಾರಿಸಿದೆ. ಅಯ್ಯೋ ಶಿವನೇ, ಆ ಸದ್ದು! ಕುರಿ ಕಾಯುವವರು ಓಡಿ ಬಂದರು, ಕೆಳಗೆ ಊರಲ್ಲಿ ನಾಯಿ ಬೊಗಳಿದವು, ಹುಡುಗಿಯ ಮನೆಯವರು, ಅವರ ಬೀಗರು, ಮಾವ, ಎಲ್ಲ ಬಂದು ಬಂಡೆಯ ಸುತ್ತ ನಿಂತು ಮೇಲೆ ನೋಡಿದರು. ಊರಿಗೆ ಊರೇ ನನ್ನನ್ನು ನೋಡಿತು. ನಾನು ಕನ್ಯೆಯನ್ನು ನೋಡಲಿಲ್ಲ.

“ಇವ್ನ ಮದಿವಿ ಮಾಡೋದಕಿಂತ ಆ ಕಲ್ಲ ನಗಾರಿ ಹೊತಗೊಂಡ ಊರಿಗೆ ಒಯ್ಯೋದು ಹಗೂರ” ಎಂದು ಮನೆಗೆ ಬಂದ ಮೇಲೆ ಮಾವ ನನ್ನ ತಾಯಿಗೆ ಹೇಳಿದ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ.

ಹೀಗಿರುವಾಗ ಇಟಗಿಯ ಸಂಬಂಧ ಬಂತು. ಇದೇ ಕಡೆಯದು ಎಂದು ಮಾವ ದಾರಿಯುದ್ದಕ್ಕೂ ಹೇಳಿದ. ಹುಡುಗಿಯ ತಂದೆ ಗಾಳೆಪ್ಪ, ನಮ್ಮ ಹಾಗೆಯೇ ಹೊಲಿಗೆಯವನು. ತಾಯಿಯಿಲ್ಲದ ಹುಡುಗಿ, ಅಜ್ಜಿ ಫಕೀರಮ್ಮ ಸಾಕಿದ್ದಾಳೆ. ಹೆಸರು ಹೊಳಿಯಮ್ಮ. ಮನೆ ಮಹಾದೇವನ ಗುಡಿಗೆ ಕೂಗಳತೆಯಲ್ಲಿದೆ ಎಂಬುದನ್ನು ಮಾವ ನನಗೆ ಹೇಳಿರಲಿಲ್ಲ. ಚಕ್ಕಡಿ ಊರೊಳಗೆ ಹೋಗುವಾಗ ನಾನೇ ಕಂಡುಕೊಂಡೆ. ಅವಲಕ್ಕಿ ಬರುವ ಮೊದಲೇ ಗುಡಿಯೊಳಗಿದ್ದೆ.

ಇಟಗಿಯ ಗುಡಿಯನ್ನು ನಾನು ಹೇಗೆ ಹೇಳಲಿ? ನನಗೆ ಬಟ್ಟೆಯ ಮಾತು ಮಾತ್ರ ಗೊತ್ತು. ಆ ಛತ್ತನ್ನು ನೋಡಿದರೆ ಕಲ್ಲನ್ನು ಕತ್ತರಿಸಿಲ್ಲ, ಕಸೂತಿ ಹಾಕಿದ್ದಾರೆ. ಕಂಬಗಳನ್ನು ಕುಂಬಾರನ ತಿಗರಿಗೆ ಹಾಕಿ ತಿರುವಿದಂತೆ ದುಂಡಗೆ ಮಾಡಿ, ಮುಖ ಕಾಣುವ ಹಾಗೆ ನುಣುಪು ಕೊಟ್ಟಿದ್ದಾರೆ. ಎಷ್ಟು ನೂರು ವರ್ಷವಾಯಿತೋ, ಇನ್ನೂ ಮುಖ ಕಾಣುತ್ತದೆ. ಕಂಬ ದುಂಡಗಿರುವುದರಿಂದ ಮುಖ ಮಾತ್ರ ಪಡವಲಕಾಯಿಯ ಹಾಗೆ ಉದ್ದಕ್ಕೆ. ನಾನು ಒಂದು ಕಂಬದಲ್ಲಿ ನನ್ನ ಉದ್ದ ಮುಖ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಉದ್ದ ಮುಖ ಬಂದು ನಿಂತಿತು, ಸೊಂಟದ ಮೇಲೆ ಒಂದು ಉದ್ದನೆಯ ಕೊಡ.

“ಕುಷ್ಟಗಿಯಾವ್ರು ನೀವ ಏನ್ರಿ? ನಿಮ್ಮ ಮಾವ ಕರ್ಯಾಕತ್ತಾರ. ಅವಲಕ್ಕಿ ಮೆತ್ತಗಾದ್ರ ನಮ್ಮ ಹೊಣಿ ಅಲ್ಲ ನೋಡ್ರಿ.”

ನಿಮಗೆ ಆಗಲೇ ತಿಳಿದಿರಬೇಕು, ಅವಳೇ ಹೊಳಿಯಮ್ಮ. ಪಡಸಾಲೆಯಲ್ಲಿ ಗಂಡಸರೆಲ್ಲ ಮಾತಿಗೆ ಕೂತಿದ್ದರಿಂದ ನೀರಿನ ನೆವ ಮಾಡಿ ಹಿತ್ತಲ ಬಾಗಿಲಿಂದ ಬಂದಿದ್ದಳು, ತನ್ನನ್ನು ನೋಡಲು ಬಂದವನನ್ನು ತಾನೇ ಮೊದಲು ನೋಡಿಬಿಡೋಣವೆಂದು. ನಿಮಗೆ ತಿಳಿಯಿತು. ನನಗೆ ತಿಳಿಯಲಿಲ್ಲ! ಕನ್ಯೆ ಎಂದರೆ ಒಳಕೋಣೆಯಲ್ಲಿ ತಲೆ ಬಾಚಿಸಿಕೊಳ್ಳುತ್ತ ಕೂತಿರುತ್ತಾಳೆ ಎಂದು ನನ್ನ ಲೆಕ್ಕ. ಇವಳು ನೆರೆಮನೆಯವಳು, ನೀರಿಗೆ ಬಂದವಳು ಎಂದುಕೊಂಡೆ. ಹಾಗೆಂದುಕೊಂಡದ್ದೇ ನನ್ನ ನಾಲಿಗೆಯ ಗಂಟು ಬಿಚ್ಚಿತು. ತಿರುಗಿ ನೋಡದೆ, ಕಂಬದ ಕಡೆಯೇ ಮುಖ ಮಾಡಿ, “ನಾ ಒಳಗ ಬರಂಗಿಲ್ರಿ” ಎಂದೆ.

“ಯಾಕ್ರಿ, ಅಲ್ಲಿ ಹುಲಿ ಕುಂತೈತೇನು?”

“ಹುಲಿ ಇದ್ರ ಹೆಂಗರ ಬರ್ತಿದ್ದೆ. ಕನ್ಯಾ ಕುಂತಾಳ.”

ಅವಳು ನಕ್ಕಳು. ಆ ಗುಡಿಯಲ್ಲಿ ನಗುವಿನ ಸದ್ದು ಕಂಬದಿಂದ ಕಂಬಕ್ಕೆ ಹೋಯಿತು. ಆಮೇಲೆ ಕೊಡ ಕೆಳಗಿಟ್ಟು, ಮೇಲೆ ಒಂದು ಮೂಲೆ ತೋರಿಸಿದಳು. ಸಾಲಿನ ಹೂವೆಲ್ಲ ಅರಳಿವೆ, ಒಂದೇ ಒಂದು ಹೂವಿಗೆ ಗೆರೆ ಎಳೆದು ಬಿಟ್ಟಿದ್ದಾರೆ, ಕೆತ್ತಿಲ್ಲ.

“ನಮ್ಮ ಅಜ್ಜಿ ಹೇಳ್ತಾಳ್ರಿ, ಅದನ್ನ ಕಡಿಯಾಕತ್ತಿದ್ದಾವ ನಡುವ ಎದ್ದು ಕನ್ಯಾ ನೋಡಾಕ ಹೋದನಂತ. ಹೋದಾವ ತಿರುಗಿ ಬರ್ಲೇ ಇಲ್ಲಂತ.”

“ಓಡಿ ಹೋಗಿರಬೇಕು” ಎಂದೆ.

“ಇಲ್ರಿ, ಲಗ್ನ ಆಗಿರಬೇಕು” ಎಂದಳು.

ನಾವು ಎಷ್ಟು ಮಾತಾಡಿದೆವು! ನಾನು ಕೊಪ್ಪಳದ ತಂಬಿಗೆ ಹೇಳಿದೆ, ಬೆಣಕಲ್ಲಿನ ನಗಾರಿ ಹೇಳಿದೆ. ಮೂರು ಗೇಣಿನ ಮೋರ್ಯರ ಅಂಗಿ ಹೇಳಿದಾಗ ಅವಳು, “ಗುಂಡಿ ಎಲ್ಲಿ ತರ್ತಿದ್ರು, ಜ್ವಾಳದ ಕಾಳ ಹಚ್ಚಬೇಕಾಕ್ಕಿತ್ತು” ಎಂದಳು. ನಾನು ನಕ್ಕು ನಕ್ಕು ಕಂಬ ಹಿಡಿದುಕೊಂಡೆ. ಆಮೇಲೆ ಅವಳು ಹೇಳಿದಳು:

“ನೋಡಾಕ ಬಂದಾವ್ರು ನೆಲ ನೋಡ್ತಾರ, ಗ್ವಾಡಿ ನೋಡ್ತಾರ, ಕದ್ದು ಒಂದೀಟು ನೋಡ್ತಾರ. ಕುಂತಾಕಿ ಜೀವಕ್ಕ ಹೆಂಗಾಗತೈತಿ ಯಾರೂ ಕೇಳಂಗಿಲ್ಲ. ನೀವು ಹಂಗ ಮಾಡಬ್ಯಾಡ್ರಿ. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ಒಮ್ಮಿ ನೆಟ್ಟಗ ಮಾರಿ ನೋಡ್ರಿ.”

ಕೊಡ ಎತ್ತಿಕೊಂಡು ಹೋಗೇಬಿಟ್ಟಳು. ನಾನು ತಿರುಗುವಷ್ಟರಲ್ಲಿ ಬಿಸಿಲಲ್ಲಿ ಅವಳ ಬೆನ್ನು ಮಾತ್ರ ಕಂಡಿತು. ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು, ಮದುವೆಯೆಂದಾದರೆ ಈ ನೀರಿನವಳ ಜೊತೆಗೆ. ಇಲ್ಲದಿದ್ದರೆ ಇಲ್ಲ. ಅಷ್ಟು ಖಚಿತವಾಗಿ ನನಗೆ ಬದುಕಿನಲ್ಲಿ ಏನೂ ಗೊತ್ತಾಗಿರಲಿಲ್ಲ.

ಮುಂದಾದದ್ದನ್ನು ನೆನೆದರೆ ಇವತ್ತಿಗೂ ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಮನೆಗೆ ಹೋಗಿ ಮಾವನ ಪಕ್ಕ ಕೂತೆ. ಹುಡುಗಿ ಬಂದು ಕೂತಳು. ಅರಿಶಿಣ ಹಚ್ಚಿ ತೊಳೆದ ಪಾದ, ಕೆಂಪು ದಡಿಯ ಸೀರೆ. ಹೆಸರು ಕೇಳಿದರೆ ಅಜ್ಜಿಯೇ ಹೇಳಿದಳು, ಹುಡುಗಿ ಬಾಯಿ ತೆರೆಯಲಿಲ್ಲ. ಪಾಪ, ಅವಳು ನಾನು ತಲೆ ಎತ್ತುವುದನ್ನು ಕಾಯುತ್ತಿದ್ದಳು. ನಾನು ಎತ್ತಲಿಲ್ಲ. ನನ್ನ ತಲೆಯ ತುಂಬ ಗುಡಿಯ ಹುಡುಗಿ. ಅವಳು ಯಾರ ಮನೆಯವಳು, ಯಾರನ್ನು ಕೇಳಬೇಕು ಎಂದು ಯೋಚಿಸುತ್ತಿದ್ದೆ. ಹುಡುಗಿ ಒಳಗೆ ಹೋದಳು, ಕಲ್ಲುಸಕ್ಕರೆಯ ತಾಟು ಬಂತು. ಮಾವನಿಗೆ ಸಂಬಂಧ ಮನಸ್ಸಿಗೆ ಬಂದಿತ್ತು. ನನ್ನನ್ನು ಕೇಳುವ ಗೋಜಿಗೇ ಹೋಗದೆ ಹರಳಿಗೆ ಕೈ ಹಾಕಿದ. ಆಗ ನಾನು, ಜನ್ಮದಲ್ಲಿ ಯಾರ ಕೈಯನ್ನೂ ಹಿಡಿಯದವನು, ಮಾವನ ಮುಂಗೈ ಗಟ್ಟಿಯಾಗಿ ಹಿಡಿದು, “ಬ್ಯಾಡ” ಎಂದೆ. ತಾಟನ್ನು ನಾನೇ ಹಿಂದಕ್ಕೆ ಸರಿಸಿದೆ. ಧೈರ್ಯ ಮಾಡಿದೆನೆಂದು ಹೆಮ್ಮೆಯೂ ಆಯಿತು.

ಚಕ್ಕಡಿ ಊರು ದಾಟಿದ ಮೇಲೆ ಮಾವ ಬಾಯಿ ಬಿಟ್ಟ.

“ನಿನ್ನಂಥಾ ದರಿದ್ರದಾವನ್ನ ನಾ ಕಂಡಿಲ್ಲ. ಆ ಹುಡುಗಿ ಎಂಥಾ ಜೀವ ಇತ್ತಲೇ! ಯಾರೂ ಕರ್ಯಾಕ ಇಲ್ಲಂತ ತಾನ ಕೊಡ ತಗೊಂಡು ಗುಡಿತನಕ ಬಂದು ನಿನ್ನ ಕರದಾಳ, ಆಕಿ ಅಜ್ಜಿನ ನನಗ ಹೇಳಿದ್ಲು. ಗಂಡುಸುರು ಮಾಡದ ಧೈರೇ ಆಕಿ ಮಾಡಿದ್ಲು. ಆಕಿನ್ನ ಬ್ಯಾಡಂದೆಲ್ಲೊ ಹುಚ್ಚಪ್ಯಾಲಿ!”

ನೀರಿನವಳ ಸಲುವಾಗಿ ನೀರಿನವಳನ್ನೇ ಬೇಡವೆಂದು ಬಂದಿದ್ದೆ! ಅವಳ ಮಟ್ಟಿಗೆ ನಾನು ಗುಡಿಯಲ್ಲಿ ನೋಡಿ, ನಕ್ಕು, ಮಾತಾಡಿ, ಮನೆಗೆ ಬಂದು ಮತ್ತೊಮ್ಮೆ ನೋಡಿ, ಆಮೇಲೆ ತಾಟು ಸರಿಸಿದವನು. ಇದಕ್ಕಿಂತ ಕೆಟ್ಟದ್ದು ಒಬ್ಬಳಿಗೆ ಏನು ಮಾಡಬಹುದು? “ಚಕ್ಕಡಿ ತಿರುಗಿಸು ಮಾವಾ” ಎಂದು ಗೋಗರೆದೆ. ಮಾವ ಎತ್ತಿನ ಬಾಲ ಮುರಿದ.

“ತಾಟು ಸರಿಸಿ ಬಂದೀವಿ. ಇನ್ನ ಆ ಹೊಸ್ತಲಾ ತುಳದು ಹೆಣ್ಣು ಕೇಳಿದ್ರ ಮಂದಿ ನಮ್ಮ ಮಾರಿಗಿ ಉಗಳ್ತಾರ. ಬಾಯಿ ಮುಚಗೊಂಡು ಕುಂದ್ರು.”

ಕುಷ್ಟಗಿಗೆ ಬಂದು ಮಷೀನಿನ ಮುಂದೆ ಕೂತೆ. ಕಾಲು ತುಳಿಯುತ್ತಿತ್ತು, ಮನಸ್ಸು ಇಟಗಿಯಲ್ಲಿತ್ತು. ಒಂದು ದಿನ ನನಗೆ ಗುಂಡಿ, ದಾರ, ಅಸ್ತರದ ಬಟ್ಟೆ ತಂದುಕೊಡುವ ಇಬ್ರಾಹಿಂಸಾಬ ಅಂಗಡಿಗೆ ಬಂದ. ಊರಿಂದ ಊರಿಗೆ ಟಾಂಗಾ ಹೊಡೆದುಕೊಂಡು ಹೊಲಿಗೆಯವರ ಅಂಗಡಿಗಳಿಗೆಲ್ಲ ಮಾಲು ಹಾಕುವವನು. ಅವನೊಬ್ಬನ ಎದುರು ನನಗೆ ಯಾವತ್ತೂ ಕಷ್ಟವಾಗುತ್ತಿರಲಿಲ್ಲ, ಯಾಕೆಂದರೆ ನನ್ನ ಪಾಲಿನ ಮಾತನ್ನೂ ಅವನೇ ಆಡಿಬಿಡುತ್ತಿದ್ದ. ನಾನು ಹೊಲಿಯುತ್ತಿದ್ದ ಪೊಲೀಸ್ ಅಮೀನರ ಶೇರವಾನಿಯನ್ನು ಎತ್ತಿ ನೋಡಿದ.

“ಅರೇ ಗ್ಯಾನಪ್ಪ, ಅಮೀನಸಾಹೇಬರಿಗೆ ಎರಡೂ ಎಡಗೈ ಅದಾವೇನಪಾ?”

ನೋಡುತ್ತೇನೆ, ಎರಡೂ ಎಡದೋಳು ಕತ್ತರಿಸಿ ಕೂಡಿಸಿದ್ದೇನೆ! ನನಗೆ ದುಃಖ ಒತ್ತರಿಸಿ ಬಂತು. ಎಲ್ಲವನ್ನೂ ಹೇಳಿದೆ. ಇಬ್ರಾಹಿಂಸಾಬ ಮೊದಲ ಸಲ ಸುಮ್ಮನೆ ಕೂತು ಕೇಳಿದ. ಕೇಳಿ, ಗಡ್ಡ ಕೆರೆದುಕೊಂಡು, ಹೇಳಲೋ ಬೇಡವೋ ಎನ್ನುವ ಹಾಗೆ ಹೇಳಿದ:

“ಗಂಗಾವತಿ ಓಬಳೆಪ್ಪ, ಎರಡ ಮಷೀನಿನ ಅಂಗಡಿ ಇಟ್ಟಾನಲ್ಲ, ಅಂವ ನಾಳಿ ಸೋಮವಾರ ಮಗನ್ನ ಕರಕೊಂಡು ಇಟಗಿಗೆ ಹೊಂಟಾನ. ಗಾಳೆಪ್ಪನ ಮನಿಗೇ. ಅವರಿಗೆ ಪಸಂದ ಆಗೋದ ನಕ್ಕಿ ಅಂತ ಬಾಜಾರದಾಗ ಮಾತು ನಡದೈತಿ.”

“ನಾ ಏನ ಮಾಡ್ಲಿ ಸಾಬ? ಹೆಣ್ಣು ಕೇಳಾಕ ಹೋಗೂ ಹಂಗಿಲ್ಲ.”

“ಕೇಳಾಕ ಹೋಗೂ ಹಂಗಿಲ್ಲ, ಖರೇ. ಗುಡಿ ನೋಡಾಕ ಹೋಗೂ ಹಂಗಿಲ್ಲಂತ ಯಾವ ರಿವಾಜಿನ್ಯಾಗ ಐತಿ? ಟಾಂಗಾ ಹೂಡ್ತೀನಿ ಏಳು.”

ಯಲಬುರ್ಗಾದಲ್ಲಿ ಕುದುರೆಗೆ ನೀರು ಕುಡಿಸಿದೆವು. ಕುಕನೂರಿನಲ್ಲಿ ಅವನಿಗೆ ವ್ಯಾಪಾರವಿತ್ತು, ಅಲ್ಲಿ ನನ್ನನ್ನು ಇಳಿಸಿ, ಬೆನ್ನು ತಟ್ಟಿ, ಅಲ್ಲಾ ನಿನಗೆ ಬಾಯಿ ಕೊಡಲಿ ಎಂದ. ಕುಕನೂರಿನ ನವಲಿಂಗನ ಗುಡಿ ಎಷ್ಟು ಛಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದರ ಪಕ್ಕದಲ್ಲೇ ಹಾದುಹೋದೆ, ಕತ್ತು ಹೊರಳಿಸಲಿಲ್ಲ. ಕರೀ ಎರೆಹೊಲದ ದಾರಿ, ಎರಡೂ ಕಡೆ ಜೋಳದ ಕೂಳೆ, ನಾನೊಬ್ಬನೇ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿದೆ. ಹೊಲದಲ್ಲಿ ಕೂತ ಕಾಗೆಗಳು ಎಲ್ಲವನ್ನೂ ಕೇಳಿದವು. ಇಟಗಿಯ ಶಿಖರ ಕಂಡದ್ದೇ ತಡ, ಒಂದು ಮಾತೂ ನೆನಪಿಗೆ ಬರಲೊಲ್ಲದು.

ಗಾಳೆಪ್ಪನ ಮನೆಯ ಮುಂದೆ ಎರಡು ಚಕ್ಕಡಿ ನಿಂತಿದ್ದವು. ತಡವಾಯಿತೆಂದು ಜೀವ ಹಾರಿತು. ಚಪ್ಪಲಿಗಳ ರಾಶಿ ದಾಟಿ ಒಳಗೆ ಹೋದೆ. ಪಡಸಾಲೆಯ ತುಂಬ ರುಮಾಲುಗಳು. ನಾನು ಗೋಡೆಗೆ ಒರಗಿ ಸಾಲಿನ ಕೊನೆಯಲ್ಲಿ ಕೂತೆ. ಗಂಗಾವತಿಯವರು ನನ್ನನ್ನು ಮನೆಯವನೆಂದುಕೊಂಡರು, ಮನೆಯವರು ಗಂಗಾವತಿಯವನೆಂದುಕೊಂಡರು. ಹೋದ ಸಲ ನಾನು ತಲೆ ಎತ್ತದೆ ಕೂತಿದ್ದರಿಂದ ಗಾಳೆಪ್ಪನಿಗೆ ನನ್ನ ಟೊಪ್ಪಿಗೆಯ ಗುರುತಿತ್ತೇ ಹೊರತು ಮುಖದ ಗುರುತಿರಲಿಲ್ಲ. ಈ ಸಲ ಟೊಪ್ಪಿಗೆ ಇರಲಿಲ್ಲ.

ಹುಡುಗಿಯನ್ನು ನೋಡುವುದು ಮುಗಿದಿತ್ತು. ಅಜ್ಜಿ ಫಕೀರಮ್ಮ ತಾಟು ತಂದು ನಡುವೆ ಇಟ್ಟಳು. ಕಲ್ಲುಸಕ್ಕರೆ ಬಿಸಿಲಿಗೆ ಹೊಳೆಯಿತು. ಓಬಳೆಪ್ಪ ಮರ್ಯಾದಸ್ಥ, ಅವಸರದವನಲ್ಲ. ಮಗನ ಮುಖ ನೋಡಿದ. ಮಗ ತಲೆ ತಗ್ಗಿಸಿ ಅರ್ಧ ಹೂಂ ಎಂದ. ಓಬಳೆಪ್ಪ ತಮ್ಮನ ಮುಖ ನೋಡಿದ. ತಮ್ಮ ತಲೆಯಾಡಿಸಿದ. ಓಬಳೆಪ್ಪ ಅಂಗಿಯ ತೋಳು ಮೇಲೆ ಸರಿಸಿ, ಶಿವನ ಹೆಸರು ಹೇಳಿ, ಕೈ ಚಾಚಿದ.

ನಾನು ಏನೂ ಯೋಚಿಸಲಿಲ್ಲ, ದೇವರಾಣೆ. ಸಾಲಿನ ಕೊನೆಯಿಂದ ಮಂಡಿಯ ಮೇಲೆ ಮುಂದೆ ಹೋಗಿ, ಓಬಳೆಪ್ಪನ ಕೈಯ ಕೆಳಗೆ ಕೈ ತೂರಿಸಿ, ಇದ್ದುದರಲ್ಲಿ ದೊಡ್ಡ ಹರಳು ಎತ್ತಿ ಬಾಯಿಗೆ ಹಾಕಿ ಕಡಿದೆ. ಕಟಕ್!

ಗಾಳೆಪ್ಪ ಓಬಳೆಪ್ಪನನ್ನು ನೋಡಿದ.

“ಇಂವ ನಿಮ್ಮಾವ ಹೌದಲ್ರಿ?”

“ನಮ್ಮಾವ ಅಲ್ರಿ. ನಿಮ್ಮಾವ ಅಂತ ತಿಳಿದಿದ್ವಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಬಾಯಲ್ಲಿ ಸಕ್ಕರೆ, ಮಾತು ತೊದಲಿತು. “ನಾ ಕುಷ್ಟಗಿ ಗ್ಯಾನಪ್ಪರಿ. ಹ್ವಾದ ಸಲ ತಾಟು ಸರಿಸಿ ಹ್ವಾದಾವ.”

ಗಾಳೆಪ್ಪ ಎದ್ದು ನಿಂತ. ಸಿಟ್ಟಿಗೆ ಮುಖ ಕೆಂಪಗಾಗಿತ್ತು. “ನನ್ನ ಮಗಳ್ನ ಗುಡ್ಯಾಗ ನೋಡಿ, ಮನ್ಯಾಗ ನೋಡಿ, ಮಾವನ ಕೈ ಹಿಡದು ಬ್ಯಾಡಂದು ಹ್ವಾದಾವ ನೀನ ಏನು? ಆಕಿ ಎಷ್ಟ ದಿನ ಒಲಿ ಮುಂದ ಕುಂತು ಅತ್ತಾಳ ಗೊತ್ತೈತೇನು? ಈಗ ಬಂದ ಸಂಬಂಧಾನೂ ಕೆಡಿಸಾಕ ಬಂದಿಯಾ?”

ಒಲೆಯ ಮುಂದೆ ಕೂತು ಅತ್ತಳು ಎಂದದ್ದು ನನ್ನ ಎದೆಗೆ ಚುಚ್ಚಿತು. ದಾರಿಯಲ್ಲಿ ಕಾಗೆಗಳಿಗೆ ಹೇಳಿದ್ದು ಒಂದೂ ಬರಲಿಲ್ಲ, ಬೇರೆಯೇ ಬಂತು.

“ಮನ್ಯಾಗ ನಾ ನೋಡ್ಲೇ ಇಲ್ರಿ. ಗುಡ್ಯಾಗ ನೀರಿನ ಕೊಡ ತಂದಾಕಿ ನಿಮ್ಮ ಮಗಳು ಅಂತ ನನಗ ಗೊತ್ತಿರ್ಲಿಲ್ರಿ. ಆಕಿ ಬಿಟ್ಟು ಮತ್ತೊಬ್ಬಾಕಿ ಬ್ಯಾಡ ಅಂತ ಮಾವನ ಕೈ ಹಿಡಿದ್ನಿರಿ. ಊರ ದಾಟಿದ ಮ್ಯಾಲ ಗೊತ್ತಾತು, ಇಬ್ರೂ ಒಬ್ಬಾಕಿನ ಅಂತ.”

ಮೊದಲು ನಕ್ಕದ್ದು ಫಕೀರಮ್ಮ. ಸೆರಗು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕಿಸಿ ನಕ್ಕಳು. ಗಂಗಾವತಿಯವರೂ ನಕ್ಕರು. ಗಾಳೆಪ್ಪ ಮಾತ್ರ ನಗಲಿಲ್ಲ. ಓಬಳೆಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಪಂಚೆಗೆ ಒರೆಸಿಕೊಂಡ. ಅವನ ದೊಡ್ಡತನವನ್ನು ನಾನು ಇವತ್ತಿಗೂ ಮರೆತಿಲ್ಲ.

“ಗಾಳೆಪ್ಪ, ನಾವು ಇನ್ನೂ ಹರಳು ಮುಟ್ಟಿಲ್ಲ. ನಮ್ಮ ಮಾತು ಹೋಗಿಲ್ಲ, ನಿಮ್ಮ ಮಾತೂ ಹೋಗಿಲ್ಲ. ಆದ್ರ ಇಂವ ಕಡದಾನ. ಕಡದಾವ ಮಾತು ಕೊಟ್ಟಂಗ. ಇನ್ನ ನಿಮ್ಮ ಹುಡುಗಿ ಏನಂತಾಳ, ಆಕಿನ್ನ ಕೇಳ್ರಿ. ಬ್ಯಾಡ ಅಂದ್ರ ಇವನ್ನ ಹೊರಗ ಹಾಕೂ ಕೆಲಸ ನಂದು.”

ಹುಡುಗಿಯನ್ನು ಕೇಳುವುದು ರಿವಾಜಿನಲ್ಲಿ ಇರಲಿಲ್ಲ. ಫಕೀರಮ್ಮನೇ ಒಳಬಾಗಿಲ ಕಡೆ ತಿರುಗಿ, “ಹೊಳಿಯವ್ವಾ, ಬಾ ಇಲ್ಲಿ” ಎಂದು ಕರೆದಳು.

ಬಂದಳು. ನಾನು ನೆಟ್ಟಗೆ ನೋಡಿದೆ. ಕಂಬದಲ್ಲಿ ಉದ್ದಕ್ಕೆ ಕಂಡಿದ್ದ ಮುಖ ದುಂಡಗಿತ್ತು, ಎಡಗಲ್ಲದ ಮೇಲೆ ಎಳ್ಳಿನಷ್ಟು ಒಂದು ಮಚ್ಚೆ, ಕಣ್ಣು ಸಿಟ್ಟಿನಿಂದ ಉರಿಯುತ್ತಿದ್ದವು. ನನ್ನನ್ನು ಮೇಲಿಂದ ಕೆಳಗಿನ ತನಕ, ಅವಸರವಿಲ್ಲದೆ ನೋಡಿದಳು.

“ನಮ್ಮನ್ನ ನಡದು ತೋರ್ಸು ಅಂತಾರ, ಕಾಲು ಕುಂಟೈತೇನು ನೋಡಾಕ” ಎಂದಳು. “ನೀವೂ ಏಳ್ರಿ. ಆ ತಲಿಬಾಗಲ ತನಕ ನಡದು ತೋರ್ಸ್ರಿ.”

“ಹೊಳಿಯವ್ವಾ!” ಎಂದು ಗಾಳೆಪ್ಪ ಗದರಿದ. ಅವಳು ಅಪ್ಪನ ಕಡೆ ನೋಡಲಿಲ್ಲ.

ನಾನು ಎದ್ದೆ. ಗಿರಾಕಿಯ ಎದುರು ನಿಲ್ಲಲಾರದವನು ಅಷ್ಟು ರುಮಾಲುಗಳ ನಡುವೆ ನಡೆದೆ. ಬಾಗಿಲ ಸಂದಿಯಲ್ಲಿ ಹೆಂಗಸರು ಕಿಸಕ್ಕೆಂದರು. ಯಾರೋ “ಕುಂಟಿಲ್ಲ ಬಿಡವ್ವ” ಎಂದರು. ತಲೆಬಾಗಿಲಿಗೆ ಹೋದೆ. ಹೊರಗೆ ಬಯಲಿತ್ತು, ಗುಡಿ ಇತ್ತು, ಓಡಬಹುದಿತ್ತು. ತಿರುಗಿ ಬಂದು ಅವಳ ಎದುರು ನಿಂತೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅಷ್ಟು ಹೊತ್ತು ಅವಳ ಮುಖ ತಪ್ಪುತ್ತಿತ್ತು.

ಆ ತಾಟಿಗೆ ಹೆಣ್ಣಿನ ಕಡೆಯವರು ಕೈ ಹಾಕುವುದಿಲ್ಲ, ಕನ್ಯೆಯಂತೂ ಮುಟ್ಟುವ ಹಾಗೇ ಇಲ್ಲ. ಹೊಳಿಯಮ್ಮ ಬಗ್ಗಿ ಒಂದು ಹರಳು ಎತ್ತಿದಳು. ಅಜ್ಜಿಯ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಬಾಯಿಗೆ ಹಾಕಿಕೊಂಡು ಕಡಿದಳು. ಕಡಿದ ಸದ್ದು ಪಡಸಾಲೆಯ ಕೊನೆಯ ತನಕ ಕೇಳಿಸಿತು.

ನನಗೆ ಅಳು ಬಂತು. ಅಷ್ಟು ಜನ ಗಂಡಸರ ನಡುವೆ ನಿಂತು ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆಯಾಗಲಿಲ್ಲ.